ಮಾಳಿಗೆಯ ಸುತ್ತುಗೋಡೆ

ಆಧಾರ ವಾಕ್ಯ: ಧರ್ಮೋಪದೇಶಕಾಂಡ 22ನೆಯ ಅಧ್ಯಾಯ, 8ನೆಯ ವಚನ



ಮೇಲೆ ಸೂಚಿಸಿದ ವಚನವನ್ನು ಪ್ರಸಂಗಕ್ಕಾಗಿ ಆರಿಸಿಕೊಳ್ಳುವವರು ವಿರಳ. ಅದರ ಹಿಂದೆ ಹಕ್ಕಿಯ ಗೂಡಿನ ವಿಷಯವಾಗಿ ಒಂದು ಆಜ್ಞೆ. ಅದರ ಮುಂದೆ ದ್ರಾಕ್ಷೆಯ ತೋಟದಲ್ಲಿ ಬಿತ್ತುವ ವಿಷಯವಾಗಿ ಇನ್ನೊಂದು ಆಜ್ಞೆ. ಇವೆರಡರ ನಡುವೆ, ಹೊಸ ಮನೆ ಕಟ್ಟುವವನಿಗೆ ದೇವರು ಮೋಶೆಯ ಮುಖಾಂತರ ಒಂದು ಮಾತು ಹೇಳುತ್ತಾನೆ. ಅದೇನಂದರೆ, ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆಯನ್ನು ಎಬ್ಬಿಸಬೇಕು. ಎಬ್ಬಿಸದೆ ಇದ್ದು ಯಾವನಾದರೂ ಅಲ್ಲಿಂದ ಬಿದ್ದರೆ ಆ ರಕ್ತದ ಅಪರಾಧವು ಆ ಮನೆಯ ಮೇಲೆಯೇ ನಿಲ್ಲುವದು.

ಆ ದೇಶದ ಮನೆಗಳ ಮಾಡು ನಮ್ಮ ಮನೆಗಳ ಮಾಡಿನಂತೆ ಇಳಿಜಾರಾದದ್ದಲ್ಲ, ಅಂಗಳದಂತೆ ಸಮವಾದದ್ದು. ಯೆರಿಕೋವಿನ ರಾಹಾಬಳು ಅಗಸೆಯ ದಂಟುಗಳನ್ನು ಹರಡಿದ್ದು ಮಾಳಿಗೆಯ ಮೇಲೆ. ಯೊಪ್ಪದಲ್ಲಿ ಪೇತ್ರನು ಮಧ್ಯಾಹ್ನದ ಹೊತ್ತಿನಲ್ಲಿ ಪ್ರಾರ್ಥನೆಗೆ ಏರಿದ್ದು ಮಾಳಿಗೆಗೆ. ಮಕ್ಕಳು ಆಡುವದೂ ಮುದುಕರು ಸಂಜೆಯ ಗಾಳಿಗೆ ಕೂತುಕೊಳ್ಳುವದೂ ಅಲ್ಲಿಯೇ. ಆದಕಾರಣ ಅಂಚಿನಲ್ಲಿ ಒಂದು ಗೋಡೆ ಬೇಕಾಗಿತ್ತು.

ಈ ಆಜ್ಞೆಯಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಮನೆಯ ಯಜಮಾನನು ಯಾರನ್ನೂ ತಳ್ಳಲಿಲ್ಲ. ಅವನಿಗೆ ದ್ವೇಷವಿರಲಿಲ್ಲ. ಅವನು ಆ ಸಮಯದಲ್ಲಿ ಹೊಲದಲ್ಲಿದ್ದಿರಬಹುದು, ದೇವಾಲಯದಲ್ಲಿಯೂ ಇದ್ದಿರಬಹುದು. ಆದರೂ ರಕ್ತವು ಅವನ ಮನೆಯ ಮೇಲೆ ಬರುವದು. ಅವನು ಮಾಡಿದ ತಪ್ಪು ಒಂದೇ: ಕಟ್ಟಬೇಕಾದ ನಾಲ್ಕು ಸಾಲು ಕಲ್ಲನ್ನು ಕಟ್ಟಲಿಲ್ಲ.

ಈ ವಚನವನ್ನು ನಾವು ಸೆಮಿನರಿಯಲ್ಲಿ ಓದಿದ್ದೆವು, ಅದರ ಮೇಲಿನ ವ್ಯಾಖ್ಯಾನವನ್ನು ಪುಸ್ತಕದಲ್ಲಿ ಬರೆದುಕೊಂಡೂ ಇದ್ದೆವು. ಆದರೆ ಇದರ ಅರ್ಥವನ್ನು ನಾವು ಕಲಿತದ್ದು ಆ ಕೋಣೆಯಲ್ಲಲ್ಲ. ಕಳೆದ ವರ್ಷ ಮಳೆಗಾಲದ ಬಾಗಿಲಲ್ಲಿ, ನಮ್ಮ ಸಭಾಮಂದಿರದ ಅಂಗಳದಲ್ಲಿ. ಅದನ್ನು ಮರೆಮಾಡದೆ ಬರೆಯುತ್ತೇವೆ.

ನಮ್ಮ ಮಂದಿರವು ಮಂಗಳೂರು ಹಂಚಿನದು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ ಈ ಸೀಮೆಯ ಅನೇಕ ಮಂದಿರಗಳ ಮೇಲೆ ಅಂಥ ಹಂಚೇ ಇರುತ್ತದೆ. ಒಳ್ಳೆಯ ಹಂಚು ತಲೆಮಾರುಗಳ ಕಾಲ ಬಾಳುವದು. ಆದರೆ ಮಂಗಗಳು ಹಾರಿದಾಗ, ತೆಂಗಿನ ಗರಿ ಬಿದ್ದಾಗ ಒಡೆಯುವದು. ಆ ವರ್ಷ ಪೀಠದ ಮೇಲೆಯೇ ಸೋರಿಕೆ ಉಂಟಾಯಿತು. ಪ್ರತಿ ವರ್ಷ ಮಾಡು ಸರಿಮಾಡುವ ಮನುಷ್ಯನು ಬಂದು ನೋಡಿ, ರಾತ್ರಿ ಮಳೆ ಬಿದ್ದದರಿಂದ ಹಾವಸೆ ಜಾರುತ್ತದೆ, ಎರಡು ದಿನ ಬಿಸಿಲು ಕಾಯಲಿ, ಹಲಗೆಯ ಏಣಿಯನ್ನೂ ಹಗ್ಗವನ್ನೂ ತರುತ್ತೇನೆ ಎಂದನು. ನಮಗಾದರೋ ಅವಸರ. ಬರುವ ಭಾನುವಾರ ಮಕ್ಕಳ ದೃಢೀಕರಣವಿತ್ತು. ಅವನ ಕೂಲಿಯೂ ಹೆಚ್ಚೆಂದು ಕಂಡಿತು. ಆದದರಿಂದ ಅಡಿಕೆ ಮರ ಹತ್ತಿ ಜೀವಿಸುವ ನಮ್ಮ ಸಭೆಯ ಒಬ್ಬ ಯೌವನಸ್ಥನನ್ನು ಕರೆದೆವು. ಅವನು ಒಲ್ಲೆನೆನ್ನಲಿಲ್ಲ. ದೇವರ ಮನೆಯ ಕೆಲಸವೆಂದು ಕೂಲಿಯನ್ನೂ ಬೇಡವೆಂದನು.

ಅವನ ತಾಯಿ ಅಂಗಳದಲ್ಲಿ ನಿಂತಿದ್ದಳು. ಆಕೆ ವಿಧವೆ. "ಅಯ್ಯನವರೇ, ಮಾಡು ಒದ್ದೆಯಾಗಿದೆ. ಸೊಂಟಕ್ಕೆ ಒಂದು ಹಗ್ಗವಾದರೂ ಕಟ್ಟಬಾರದೇ?" ಎಂದು ಕೇಳಿದಳು.

ನಾವು ಆಕೆಗೆ, "ದೇವರ ಕೆಲಸಕ್ಕೆ ಹೋಗುವವನಿಗೆ ದೇವರೇ ಹಗ್ಗ, ಅಮ್ಮಾ" ಎಂದು ಉತ್ತರಕೊಟ್ಟೆವು. ಆ ಮಾತು ನಮಗೇ ಚೆನ್ನಾಗಿ ಕೇಳಿಸಿತು. ಬಳಿಕ ಪ್ರಾರ್ಥಿಸಿ ಅವನನ್ನು ಏಣಿ ಹತ್ತಿಸಿದೆವು. ಬಾವಿಗೆಂದು ತಂದ ಹೊಸ ಹಗ್ಗವು ಉಗ್ರಾಣದಲ್ಲಿ ಸುರುಳಿಯಾಗಿ ಬಿದ್ದಿತ್ತು. ನಾವು ನಿಂತಲ್ಲಿಂದ ಇಪ್ಪತ್ತು ಹೆಜ್ಜೆಯೂ ಆಗದು.

ಅವನು ಮಾಡಿನ ತುದಿಯ ಹಂಚನ್ನು ಎತ್ತುವಾಗ ಜಾರಿದನು. ಸುಮಾರು 18 ಅಡಿಯಿಂದ ಮೆಟ್ಟಿಲ ಕಲ್ಲಿನ ಮೇಲೆ ಬಿದ್ದನು. ಬೆನ್ನೆಲುಬೂ ಬಲಗಾಲೂ ಮುರಿದವು. ದೇವರ ದಯೆಯಿಂದ ಪ್ರಾಣ ಉಳಿಯಿತು. ನಾಲ್ಕು ತಿಂಗಳು ಅವನು ಹಾಸಿಗೆಯಲ್ಲಿ ಮಲಗಿದ್ದನು. ಮೊದಲಿನ ವಾರದಲ್ಲಿ ನಾವು ಅವನ ಬಳಿ ಕೂತಿದ್ದಾಗ ಅವನು ನಮ್ಮನ್ನು ಒಂದೇ ಪ್ರಶ್ನೆ ಕೇಳಿದನು: "ಅಯ್ಯನವರೇ, ನಾನೇನು ಪಾಪ ಮಾಡಿದೆ?"

ಪ್ರಿಯರೇ, ಈ ಪ್ರಸಂಗವು ಆ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರವಾಗಿದೆ.

ಮೊದಲನೆಯದು: ಬಿದ್ದವನು ಹೆಚ್ಚಿನ ಪಾಪಿಯಲ್ಲ.

ಅವನು ಹಾಗೆ ಕೇಳಿದ್ದು ಸುಮ್ಮನೆಯಲ್ಲ. ಊರಿನಲ್ಲಿ ಮಾತುಗಳು ಹುಟ್ಟಿದ್ದವು. ಹಳೆಯ ದೈವಗಳನ್ನು ಬಿಟ್ಟ ಮನೆಗೆ ಹೀಗಾಯಿತೆಂದು ಹೊರಗಿನ ಕೆಲವರು ಅಂದರು. ಅದಕ್ಕೆ ನಾವು ಆಶ್ಚರ್ಯಪಡಲಿಲ್ಲ. ಆದರೆ ಸಭೆಯವರಲ್ಲಿಯೇ ಕೆಲವರು, ಅವನು ಎರಡು ಭಾನುವಾರ ಆರಾಧನೆಗೆ ಬಂದಿರಲಿಲ್ಲ, ಕರ್ತನು ಶಿಕ್ಷಿಸಿದನು ಎಂದು ಮಾತಾಡಿಕೊಂಡರು. ಇದು ನಮ್ಮ ಹೃದಯವನ್ನು ಇರಿಯಿತು.

ಲೂಕನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆರೆಯಿರಿ. ಸಿಲೋವದಲ್ಲಿ ಒಂದು ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಯೆರೂಸಲೇಮಿನವರ ಬಾಯಲ್ಲಿಯೂ ಇಂಥ ಮಾತೇ ಇದ್ದಿರಬೇಕು. ಯೇಸು ಸ್ವಾಮಿಯು, ಸತ್ತವರು ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೆಂದು ನೆನಸುತ್ತೀರೋ ಎಂದು ಕೇಳಿ, ಅಲ್ಲವೆಂದು ತಾನೇ ಉತ್ತರಕೊಟ್ಟು, ಕೇಳುತ್ತಿದ್ದವರ ಕಡೆಗೇ ಬೆರಳು ತಿರುಗಿಸಿ, ನೀವು ಮಾನಸಾಂತರಪಡಿರಿ ಎಂದನು. ಗೋಪುರ ಬಿದ್ದಾಗ ಕರ್ತನು ಎಚ್ಚರಿಸುವದು ಕೆಳಗೆ ಸಿಕ್ಕಿದವರನ್ನಲ್ಲ. ಬದುಕಿ ನಿಂತು ಮಾತಾಡುವವರನ್ನು. ಆದದರಿಂದ ಯಾವನಾದರೂ ಮರದಿಂದಲೋ ಮಾಡಿನಿಂದಲೋ ಬಿದ್ದನೆಂದು ಕೇಳಿದಾಗ, ಅವನ ಪಾಪವೇನೆಂದು ಹುಡುಕುವ ಬದಲು, ನಾವು ಮಾಡದೆ ಬಿಟ್ಟದ್ದೇನೆಂದು ಹುಡುಕುವದೇ ಕ್ರೈಸ್ತರಿಗೆ ತಕ್ಕದ್ದು.

ಎರಡನೆಯದು: ಕೈಯಲ್ಲಿರುವ ಹಗ್ಗವನ್ನು ಬಿಟ್ಟು ಪ್ರಾರ್ಥಿಸುವದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವದೇ.

ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸೈತಾನನು ನಮ್ಮ ಕರ್ತನನ್ನು ಎಲ್ಲಿ ನಿಲ್ಲಿಸಿದನು? ದೇವಾಲಯದ ಶಿಖರದ ಮೇಲೆ. ಅಲ್ಲಿ ಅವನು ದೇವದೂಷಣೆಯ ಮಾತಾಡಲಿಲ್ಲ. ಕೀರ್ತನೆಯ ವಾಕ್ಯವನ್ನೇ ಹೇಳಿದನು. ಕೆಳಕ್ಕೆ ಹಾರು, ದೇವದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುವರು ಎಂದನು. ಆ ಮಾತು ಕೇಳುವದಕ್ಕೆ ಎಷ್ಟೋ ಭಕ್ತಿಯುಳ್ಳದ್ದಾಗಿ ಕಾಣುತ್ತದೆ! ಆದರೆ ತಂದೆಯ ಮೇಲೆ ಪೂರ್ಣ ಭರವಸವಿದ್ದ ಮಗನು ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂಬ ಮಾತಿನಿಂದ ಅವನ ಬಾಯನ್ನು ಮುಚ್ಚಿದನು. ನಮ್ಮ ಕರ್ತನು ನಜರೇತಿನಲ್ಲಿ ಬಡಗಿಯ ಕೆಲಸ ಮಾಡಿದವನು. ತೊಲೆಯ ಮೇಲೆ ನಿಲ್ಲುವದೇನು, ಕಾಲು ತಪ್ಪುವದೇನು ಎಂಬದನ್ನು ಅವನು ಅರಿಯದವನಲ್ಲ.

ಹಾಗಾದರೆ ಆ ವಿಧವೆಗೆ ನಾವು ಹೇಳಿದ ಮಾತು ಯಾರ ಮಾತು? ದೇವರ ನಾಮವು ಅದರಲ್ಲಿತ್ತು. ಆದರೂ ಅದು ಶಿಖರದ ಮೇಲೆ ನಿಂತು ಮಾತಾಡಿದವನ ಮಾತೇ ಆಗಿತ್ತು. ಇದನ್ನು ಬರೆಯುವಾಗ ನಮ್ಮ ಕೈ ನಡುಗುತ್ತದೆ. ದೇವರು ಹಗ್ಗವನ್ನು ಆಗಲೇ ಕೊಟ್ಟಿದ್ದನು. ತೆಂಗಿಗೆ ನಾರನ್ನೂ, ಹೊಸೆಯುವವನ ಕೈಗೆ ಜಾಣತನವನ್ನೂ, ಆ ತಾಯಿಗೆ ಎಚ್ಚರಿಸುವ ಬಾಯನ್ನೂ ಕೊಟ್ಟವನು ಆತನೇ. ನಾವಾದರೋ ಕೊಟ್ಟದ್ದನ್ನು ಉಗ್ರಾಣದಲ್ಲಿ ಬಿಟ್ಟು, ಕೊಡದೆ ಇದ್ದದ್ದನ್ನು ಕೇಳಿದೆವು.

ಬೀಳುವವನಿಗೆ ಎಷ್ಟು ಸಮಯವಿದೆ ಎಂಬದನ್ನು ಲೆಕ್ಕಹಾಕಿ ನೋಡಿರಿ. 60 ಅಡಿ ಎತ್ತರದ ಅಡಿಕೆ ಮರದಿಂದ ಕೈತಪ್ಪಿದವನು ನೆಲಕ್ಕೆ ತಲಪುವದಕ್ಕೆ ಎರಡು ಸೆಕೆಂಡೂ ಬೇಕಾಗುವದಿಲ್ಲ. ನೆಲಕ್ಕೆ ಬಡಿಯುವಾಗ ಅವನ ವೇಗವು ಗಂಟೆಗೆ 65 ಕಿಲೋಮೀಟರಿಗಿಂತ ಹೆಚ್ಚು. ಕರ್ತನ ಪ್ರಾರ್ಥನೆಯ ಮೊದಲನೆಯ ಮಾತು ಮುಗಿಯುವದರೊಳಗೆ ಎಲ್ಲವೂ ಮುಗಿದಿರುತ್ತದೆ. ಆದಕಾರಣ ಕಾಪಾಡುವ ಕೆಲಸವೆಲ್ಲಾ ಬೀಳುವದಕ್ಕೆ ಮುಂಚೆಯೇ ನಡೆದಿರಬೇಕು.

ಮೂರನೆಯದು: ಏರಿಸಿದ ಮನೆಯ ಮೇಲೆ ರಕ್ತದ ಹೊಣೆ ಇರುತ್ತದೆ.

ಇದನ್ನು ತಿಳಿಯುವದಕ್ಕೆ ಸಮುದ್ರದಾಚೆಯ ಎರಡು ಸೇತುವೆಗಳ ಸಂಗತಿಯನ್ನು ಹೇಳುತ್ತೇವೆ. ಒಂದರಲ್ಲಿ ಸುತ್ತುಗೋಡೆ ಕಟ್ಟಿದರು, ಇನ್ನೊಂದರಲ್ಲಿ ಕಟ್ಟಲಿಲ್ಲ ಎಂದೇ ಹೇಳಬಹುದು.

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಪಟ್ಟಣದ ಬಳಿ ಸಮುದ್ರದ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಗೋಲ್ಡನ್ ಗೇಟ್ ಎಂಬ ತೂಗು ಸೇತುವೆಯನ್ನು 1933ರಿಂದ 1937ರ ವರೆಗೆ ಕಟ್ಟಿದರು. ಅದರ ಗೋಪುರಗಳ ಎತ್ತರವು 746 ಅಡಿ. ದಾರಿಯ ಅಟ್ಟವೇ ನೀರಿನಿಂದ ಸುಮಾರು 220 ಅಡಿ ಮೇಲೆ. ಗಾಳಿಯೂ ಮಂಜೂ ಬಿಡುವಿಲ್ಲದ ಸ್ಥಳ. ಆ ಕಾಲದಲ್ಲಿ ದೊಡ್ಡ ಕೆಲಸ ಮಾಡಿಸುವವರಲ್ಲಿ ಒಂದು ಕ್ರೂರವಾದ ಎಣಿಕೆ ಇತ್ತು: ಪ್ರತಿ ಹತ್ತು ಲಕ್ಷ ಡಾಲರ್ ವೆಚ್ಚಕ್ಕೆ ಒಂದು ಪ್ರಾಣ ಹೋಗುವದೆಂದು ಮೊದಲೇ ಲೆಕ್ಕ ಬರೆಯುತ್ತಿದ್ದರು. ಮರಳು ಇಷ್ಟು, ಉಕ್ಕು ಇಷ್ಟು, ಹೆಣ ಇಷ್ಟು! ಮುಖ್ಯ ಇಂಜಿನಿಯರಾದ ಜೋಸೆಫ್ ಸ್ಟ್ರಾಸ್ ಎಂಬವನು ಈ ಲೆಕ್ಕಕ್ಕೆ ಒಪ್ಪದೆ, 1,30,000 ಡಾಲರಿಗೂ ಮೇಲ್ಪಟ್ಟು ವೆಚ್ಚಮಾಡಿಸಿ, ಕಟ್ಟುತ್ತಿದ್ದ ಅಟ್ಟದ ಕೆಳಗೆ ಈ ತುದಿಯಿಂದ ಆ ತುದಿಯ ತನಕ ಹಗ್ಗದ ಬಲೆಯನ್ನು ಹಾಸಿಸಿದನು. ಕೆಲಸಗಾರರು ತಲೆಗೆ ಗಟ್ಟಿಯಾದ ಟೋಪಿ ಹಾಕಲೇಬೇಕೆಂದು ವಿಧಿಸಿದನು. ಎತ್ತರದಲ್ಲಿ ಚೇಷ್ಟೆಮಾಡಿ ಧೈರ್ಯ ತೋರಿಸುವವರನ್ನು ಕೆಲಸದಿಂದ ತೆಗೆದುಹಾಕಿಸಿದನು. ಆ ಬಲೆಗೆ ಬಿದ್ದು 19 ಮಂದಿ ಬದುಕಿದರು. ಅವರು ತಮ್ಮನ್ನು ತಾವೇ ನರಕದ ಅರ್ಧ ದಾರಿಗೆ ಹೋಗಿ ಬಂದವರ ಕೂಟವೆಂದು ಕರೆದುಕೊಂಡರು.

ಆದರೆ ಸತ್ಯವನ್ನು ಪೂರ್ಣವಾಗಿ ಹೇಳಬೇಕು. 1937ರ ಫೆಬ್ರವರಿ 17ರಂದು ಒಂದು ಭಾರವಾದ ಅಟ್ಟಣಿಗೆಯು ಕಳಚಿ, ಬಲೆಯನ್ನೇ ಹರಿದುಕೊಂಡು ನೀರಿಗೆ ಬಿತ್ತು. ಅದರೊಂದಿಗೆ ಹೋದವರಲ್ಲಿ 10 ಮಂದಿ ಸತ್ತರು. ಅದಕ್ಕೆ ಮುಂಚೆ ಒಬ್ಬನು ಸತ್ತಿದ್ದನು. ಒಟ್ಟು 11 ಪ್ರಾಣ. ಬಲೆಯು ಮನುಷ್ಯನ ಕೈಕೆಲಸ. ಅದನ್ನು ದೇವರೆಂದು ನಂಬಬಾರದು. ಆದರೆ ಅದು ಹರಿಯಬಹುದೆಂಬ ಕಾರಣದಿಂದ ಅದನ್ನು ಹಾಕದೆ ಇರಬಹುದೋ? ಆ 19 ಮಂದಿಯ ಹೆಂಡರು ಮಕ್ಕಳನ್ನು ಕೇಳಿರಿ.

ಎರಡನೆಯ ಸೇತುವೆಯು ಕೆನಡ ದೇಶದ ಕ್ವಿಬೆಕ್ ಪಟ್ಟಣದ ಬಳಿಯದು, ಸೇಂಟ್ ಲಾರೆನ್ಸ್ ನದಿಯ ಮೇಲಿನದು. ಅದರ ಕೆಲಸಗಾರರಲ್ಲಿ ಕಾನವಾಕೆ ಎಂಬ ಊರಿನ ಮೋಹಾಕ್ ಕುಲದವರು ಅನೇಕರಿದ್ದರು. ಈ ಜನರಿಗೆ ಎತ್ತರದ ಭಯವೇ ಇಲ್ಲವೆಂದು ಯಜಮಾನರು ಹೇಳಿಕೊಳ್ಳುತ್ತಿದ್ದರು. ಭಯ ನಮಗೂ ಉಂಟು, ಅದನ್ನು ಹಿಡಿತದಲ್ಲಿಡುವದನ್ನು ಕಲಿತಿದ್ದೇವೆ ಎಂದು ಆ ಕುಲದ ಉಕ್ಕಿನ ಕೆಲಸಗಾರರು ಹೇಳುವದುಂಟು. 1907ರ ಆಗಸ್ಟ್ ತಿಂಗಳಲ್ಲಿ ಸೇತುವೆಯ ಕೆಳಗಿನ ಉಕ್ಕಿನ ತೊಲೆಗಳು ಬಾಗುತ್ತಿರುವದು ಕಂಡುಬಂತು. ಅಳತೆಮಾಡಿದರು, ಬಾಗು ಹೆಚ್ಚುತ್ತಿತ್ತು. ಒಬ್ಬ ಇಂಜಿನಿಯರನು ಈ ಸುದ್ದಿಯನ್ನು ಹಿಡಿದುಕೊಂಡು ನ್ಯೂಯಾರ್ಕಿನಲ್ಲಿದ್ದ ಹಿರಿಯ ಸಲಹೆಗಾರನ ಬಳಿಗೆ ತಾನೇ ಹೋದನು. ಇನ್ನು ಭಾರ ಏರಿಸಬಾರದೆಂದು ಆ ಹಿರಿಯನು ತಂತಿ ಕಳುಹಿಸಿದನು. ಆದರೆ ಅದು ಹೋದದ್ದು ಸೇತುವೆಯ ಬಳಿಗಲ್ಲ, ದೂರದಲ್ಲಿದ್ದ ಕಂಪೆನಿಯ ಕಚೇರಿಗೆ. ಅತ್ತ ಕೆಲಸ ನಿಲ್ಲಲಿಲ್ಲ. ಆಗಸ್ಟ್ 29ರ ಸಂಜೆ, ಕೆಲಸ ಬಿಡುವ ಹೊತ್ತಿಗೆ, ಸೇತುವೆಯು ಕೆಲವು ಕ್ಷಣಗಳಲ್ಲಿ ನದಿಗೆ ಕುಸಿಯಿತು. 75 ಮಂದಿ ಸತ್ತರು. ಅವರಲ್ಲಿ 33 ಮಂದಿ ಆ ಒಂದೇ ಊರಿನವರು. ಸೇತುವೆಯ ಸ್ವಂತ ಭಾರವನ್ನೇ ಕಡಿಮೆಯಾಗಿ ಎಣಿಸಿದ್ದರೆಂದು ವಿಚಾರಣೆಯಲ್ಲಿ ತಿಳಿದುಬಂತು. ಆ ಊರಿನ ಸಮಾಧಿ ಭೂಮಿಯಲ್ಲಿ ಉಕ್ಕಿನ ತೊಲೆಗಳಿಂದ ಮಾಡಿದ ಶಿಲುಬೆಗಳನ್ನು ನೆಟ್ಟಿದ್ದಾರೆ.

ಪ್ರಿಯರೇ, ಕ್ವಿಬೆಕ್‌ನಲ್ಲಿ ಎಚ್ಚರಿಕೆಯ ಕಣ್ಣು ಇತ್ತು, ಎಚ್ಚರಿಕೆಯ ಬಾಯೂ ಇತ್ತು. ಮೇಲಿರುವವರನ್ನು ಕೆಳಗಿಳಿಸುವ ಮಾತು ಮಾತ್ರ ಹೊತ್ತಿಗೆ ಸರಿಯಾಗಿ ಬರಲಿಲ್ಲ. ನಮ್ಮ ಅಂಗಳದಲ್ಲಿಯೂ ಹಾಗೆಯೇ ಆಯಿತು. ಹಂಚಿನ ಕೆಲಸದವನು ನೋಡಿ ಹೇಳಿದನು. ತಾಯಿ ನೋಡಿ ಹೇಳಿದಳು. ಕೇಳಬೇಕಾದ ಕಿವಿಯು ನಮ್ಮದಾಗಿತ್ತು, ಅದು ಕೇಳಲಿಲ್ಲ.

ಈಗ ನಮ್ಮ ತೋಟಗಳಿಗೆ ಬರೋಣ.

ಈ ಸೀಮೆಯ ಸಭೆಗಳಿಗೂ ಮರಗಳಿಗೂ ಹಳೆಯ ಸಂಬಂಧವುಂಟು. 1834ರಲ್ಲಿ ಮಿಷನರಿಗಳು ಮಂಗಳೂರಿಗೆ ಬಂದ ಬಳಿಕ ಸುವಾರ್ತೆಯನ್ನು ಕೇಳಿ ಸೇರಿದವರಲ್ಲಿ ಬಿಲ್ಲವರು ಬಹು ಮಂದಿ. ತಾಳೆಯನ್ನೂ ತೆಂಗನ್ನೂ ಹತ್ತಿ ಕಳ್ಳಿಳಿಸುವದು ಅವರಲ್ಲಿ ಅನೇಕರ ಕುಲಕಸುಬಾಗಿತ್ತು. ಇಂದು ನಮ್ಮ ಸಭೆಯವರಲ್ಲಿ ಕೆಲವರು ಅಡಿಕೆಯ ಕೊನೆ ಕೊಯ್ಯುತ್ತಾರೆ, ಮದ್ದು ಬಿಡುತ್ತಾರೆ. ಕೆಲವರು ಪಟ್ಟಣದಲ್ಲಿ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುತ್ತಾರೆ.

ಅಡಿಕೆ ಮರ ಹತ್ತುವವನ ಕಷ್ಟವು ಎಂಥದೆಂದು ತೋಟದ ಯಜಮಾನರು ಒಮ್ಮೆ ನೆನಸಲಿ. ಕೊಳೆರೋಗವು ಮಳೆಯೊಂದಿಗೇ ಬರುತ್ತದೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸನು ಈ ರೋಗವನ್ನು ಶೋಧಿಸಿ, ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಿಡುವ ಕ್ರಮವನ್ನು ತೋರಿಸಿಕೊಟ್ಟನು; ಅದರಿಂದ ಎಷ್ಟೋ ತೋಟಗಳು ಉಳಿದವು. ಆದರೆ ಆ ಮದ್ದನ್ನು ಮಳೆಗಾಲ ಹಿಡಿಯುವಾಗ ಒಮ್ಮೆ, ಸುಮಾರು 40 ದಿನಗಳ ಮೇಲೆ ಇನ್ನೊಮ್ಮೆ ಬಿಡಬೇಕು. ಅಂದರೆ ಮರವು ಅತಿ ಹೆಚ್ಚಾಗಿ ಜಾರುವ ಕಾಲದಲ್ಲಿಯೇ ಮನುಷ್ಯನು ಹತ್ತಬೇಕು. ಕಾಲಿಗೆ ತಳೆ ಹಾಕಿ ಏರಿ, ತುದಿಯಲ್ಲಿ ಒಂದು ಕೈಯಿಂದ ಹಿಡಿದು ಇನ್ನೊಂದು ಕೈಯಿಂದ ಮದ್ದು ಬಿಟ್ಟು, ಇಳಿಯದೆಯೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ಹುಳ ತಿಂದು ಟೊಳ್ಳಾದ ಮರವು ಕೆಳಗಿನಿಂದ ನೋಡುವವನಿಗೆ ತಿಳಿಯುವದಿಲ್ಲ. ನಿಮ್ಮ ಅಂಗಳದಲ್ಲಿ ಒಣಗುವ ಒಂದೊಂದು ಅಡಿಕೆಯೂ ಒಬ್ಬನು ತನ್ನ ಪ್ರಾಣವನ್ನು ಮೇಲಕ್ಕೆ ಹೊತ್ತುಕೊಂಡು ಹೋಗಿ ಇಳಿಸಿದ್ದೇ.

ಆದಕಾರಣ ಯಜಮಾನರೇ, ನಿಮ್ಮ ತೋಟಕ್ಕೆ ಸುತ್ತುಗೋಡೆ ಯಾವದು? ಹತ್ತುವವನಿಗೆ ಒಳ್ಳೆಯ ಸೇಫ್ಟಿ ಬೆಲ್ಟು ನೀವೇ ಕೊಡಿರಿ. ಮಳೆ ಹನಿಯುತ್ತಿರುವಾಗ ಹತ್ತಿಸಬೇಡಿರಿ. ಒಂದು ದಿನ ತಡವಾದರೆ ಹೋಗುವದು ಅಡಿಕೆ, ಅವಸರ ಮಾಡಿದರೆ ಹೋಗುವದು ಮನುಷ್ಯ. ಟೊಳ್ಳು ಮರಗಳನ್ನು ಮುಂಚೆಯೇ ಬಡಿದು ನೋಡಿ ಗುರುತು ಹಾಕಿರಿ. ನೆಲದಲ್ಲಿಯೇ ನಿಂತು ಕೊನೆ ಕೊಯ್ಯುವದಕ್ಕೂ ಮದ್ದು ಬಿಡುವದಕ್ಕೂ ಈಗ ಕಾರ್ಬನ್ ಫೈಬರಿನ ಉದ್ದ ದೋಟಿಗಳು ಬಂದಿವೆ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡುಕೊಳ್ಳಬಹುದು. ಆದರೆ ಅದರ ಮೂಲಕವೂ ವಿದ್ಯುತ್ತು ಹರಿಯುತ್ತದೆಂಬದನ್ನು ಮರೆಯದೆ, ತಂತಿಯ ಹತ್ತಿರದ ಮರಗಳಿಗೆ ಅದನ್ನು ಎತ್ತಲೇಬೇಡಿರಿ.

ಹತ್ತುವ ಸಹೋದರರೇ, ನಿಮಗೂ ಒಂದು ಮಾತು. ಬೆಲ್ಟು ಕಟ್ಟಿದರೆ ಕೆಲಸ ನಿಧಾನವೆಂದೂ ನೋಡುವವರು ನಗುವರೆಂದೂ ನೀವು ಹೇಳುವದನ್ನು ಕೇಳಿದ್ದೇವೆ. ನಗುವವನು ನಿಮ್ಮ ಮಕ್ಕಳಿಗೆ ಗಂಜಿ ಕೊಡುವನೋ? ಕುಡಿದು ಹತ್ತಬೇಡಿರಿ, ಜ್ವರವಿರುವಾಗಲೂ ತಲೆ ತಿರುಗುವಾಗಲೂ ಹತ್ತಬೇಡಿರಿ, ಇಂದು ಮನಸ್ಸು ಒಪ್ಪುವದಿಲ್ಲವೆಂದು ಹೇಳುವದಕ್ಕೆ ನಾಚಬೇಡಿರಿ. ಕಟ್ಟಡದ ಕೆಲಸಕ್ಕೆ ಹೋಗುವವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಯಿಸಿಕೊಳ್ಳಿರಿ. ಕಾಗದ ಬರೆಯುವದಕ್ಕೆ ತಿಳಿಯದಿದ್ದರೆ ನಿಮ್ಮ ಉಪದೇಶಿಯ ಬಳಿಗೆ ಬನ್ನಿರಿ, ಅದೂ ಅವನ ಸೇವೆಯೇ.

ಹಗ್ಗ ಕಟ್ಟುವದರಲ್ಲಿಯೂ ಪ್ರೀತಿ ಬೇಕು. ಯೆರೆಮೀಯನ ಗ್ರಂಥದ 38ನೆಯ ಅಧ್ಯಾಯದಲ್ಲಿ ಪ್ರವಾದಿಯನ್ನು ಕೆಸರಿನ ಬಾವಿಯಿಂದ ಎತ್ತಿದ ಎಬೆದ್ಮೆಲೆಕನೆಂಬ ಕೂಷ್ಯನನ್ನು ನೋಡಿರಿ. ಅವನು ಹಗ್ಗವನ್ನು ಮಾತ್ರ ಇಳಿಸಲಿಲ್ಲ. ಅರಮನೆಯ ಉಗ್ರಾಣಕ್ಕೆ ಹೋಗಿ ಹಳೆಯ ಬಟ್ಟೆಗಳನ್ನು ಹುಡುಕಿ ತಂದು, ಕಂಕುಳಿಗೆ ಹಗ್ಗ ಒತ್ತದಂತೆ ಅವುಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಿದನು. ಇಂದಿನ ಜಾಣರು ಹೇಳುವದೂ ಇದನ್ನೇ: ಬರೇ ಸೊಂಟಕ್ಕೆ ಕಟ್ಟಿದ ಹಗ್ಗವು ಬಿದ್ದವನನ್ನು ಒಳಗೇ ಹಿಂಡುತ್ತದೆ, ತೊಡೆ, ಎದೆ, ಹೆಗಲುಗಳನ್ನು ಒಟ್ಟಾಗಿ ಹಿಡಿಯುವ ಪಟ್ಟಿಯೇ ಒಳ್ಳೆಯದು. ಮಾಡಿನ ಮೇಲೆ ಹಗ್ಗವನ್ನು ರೀಪಿಗೆ ಕಟ್ಟದೆ, ಕದಲದ ತೊಲೆಗೋ ಆಚೆ ಬದಿಯ ಗಟ್ಟಿ ಮರಕ್ಕೋ ಕಟ್ಟಬೇಕು. ತೂಗಿ ನಿಂತವನನ್ನು ಬೇಗನೆ ಇಳಿಸಬೇಕು. ಹೆಚ್ಚು ಹೊತ್ತು ತೂಗುವದೂ ಅಪಾಯಕರ. ಆದದರಿಂದ ಯಾರೂ ಒಬ್ಬನೇ ಹತ್ತಬಾರದು.

ಒಂದು ವೇಳೆ ಯಾವನಾದರೂ ಬಿದ್ದರೆ ಕೈಕಾಲು ಹಿಡಿದು ಎತ್ತಬೇಡಿರಿ, ಕೂರಿಸಬೇಡಿರಿ. ಬೆನ್ನೆಲುಬು ಮುರಿದಿದ್ದರೆ ಹಾಗೆ ಎತ್ತುವದರಿಂದಲೇ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಗಬಹುದು. ತಲೆಯೂ ಕೊರಳೂ ಅಲುಗದಂತೆ ಹಿಡಿದು, 108ಕ್ಕೆ ಕರೆಮಾಡಿ ಕಾಯಿರಿ. ಸಾಗಿಸಲೇಬೇಕಾದರೆ ಬಾಗಿಲ ಹಲಗೆಯಂಥ ನೆಟ್ಟನೆಯ ಹಲಗೆಯ ಮೇಲೆ, ಹಲವರು ಕೂಡಿ, ಮೈಯನ್ನು ತಿರುಚದೆ ಮಲಗಿಸಿರಿ. ನಮ್ಮ ಹುಡುಗನನ್ನು ಎತ್ತಿ ಕೂರಿಸುವದಕ್ಕೆ ನಾವು ಕೈ ಹಾಕಿದಾಗ ಆ ಹಂಚಿನ ಕೆಲಸದವನೇ ಓಡಿಬಂದು ತಡೆದನು. ಅವನು ನಮ್ಮ ಸಭೆಯವನಲ್ಲ. ಗಾಯಪಟ್ಟವನಿಗೆ ನೆರೆಯವನಾದ ಸಮಾರ್ಯದವನು ಯಾರೆಂದು ಅಂದು ನಮಗೆ ತಿಳಿಯಿತು.

ಕೊನೆಗೆ ಒಂದು ಮಾತು. ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿ ಪೌಲನು ರಾತ್ರಿಯ ವರೆಗೂ ಪ್ರಸಂಗಮಾಡುತ್ತಿದ್ದಾಗ, ಯೂತಿಖನೆಂಬ ಯೌವನಸ್ಥನು ಕಿಟಕಿಯಲ್ಲಿ ಕೂತು ನಿದ್ದೆ ಬಂದು ಮೂರನೆಯ ಅಂತಸ್ತಿನಿಂದ ಬಿದ್ದನು. ಪೌಲನು, ಪ್ರಸಂಗದಲ್ಲಿ ನಿದ್ದೆಮಾಡಿದವನಿಗೆ ತಕ್ಕದ್ದಾಯಿತು ಎನ್ನಲಿಲ್ಲ. ಮಾತನ್ನು ನಿಲ್ಲಿಸಿದನು, ಇಳಿದು ಹೋದನು, ಅವನ ಮೇಲೆ ಬಿದ್ದು ತಬ್ಬಿಕೊಂಡನು. ಪ್ರಸಂಗಕ್ಕಿಂತ ಬಿದ್ದವನು ಮುಖ್ಯನಾದನು. ನಮ್ಮ ಕರ್ತನು ಮಾಡಿದ್ದೂ ಇದೇ ಅಲ್ಲವೇ? ಮನುಷ್ಯನು ಬಿದ್ದಾಗ ಆತನು ಪರಲೋಕದಿಂದ ಮಾತಾಡುತ್ತಲೇ ಇರಲಿಲ್ಲ. ನಾವು ಬಿದ್ದ ನೆಲದ ವರೆಗೂ ಇಳಿದು ಬಂದನು, ನಮ್ಮ ಗಾಯಗಳ ಮೇಲೆ ತನ್ನ ಗಾಯಗಳನ್ನು ಇಟ್ಟನು.

ಆ ಯೌವನಸ್ಥನು ಈಗ ಕೋಲು ಊರಿಕೊಂಡು ನಡೆಯುತ್ತಾನೆ. ಮರ ಹತ್ತುವ ಕಾಲ ಅವನಿಗೆ ಮುಗಿಯಿತು. ಸಭೆಯವರು ಕೂಡಿ ಅವನಿಗೆ ಹೊಲಿಗೆ ಯಂತ್ರವನ್ನು ಕೊಡಿಸಿದ್ದಾರೆ. ಒಂದು ಭಾನುವಾರ ಆರಾಧನೆಯಲ್ಲಿ ಎಲ್ಲರ ಮುಂದೆ ನಾವು ಅವನನ್ನೂ ಅವನ ತಾಯಿಯನ್ನೂ ಕರೆದು, ಪಾಪವು ಅವನದಲ್ಲ, ನಮ್ಮದು ಎಂದು ಅರಿಕೆಮಾಡಿದೆವು. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, "ಅಯ್ಯನವರೇ, ಇನ್ನೊಬ್ಬಳ ಮಗನನ್ನು ಹೀಗೆ ಹತ್ತಿಸಬೇಡಿರಿ, ನನಗೆ ಅಷ್ಟೇ ಸಾಕು" ಎಂದಳು.

ಅಂದಿನ ಕಾಣಿಕೆಯಿಂದ ಎರಡು ಬೆಲ್ಟುಗಳನ್ನೂ, ಒಂದು ಒಳ್ಳೆಯ ಹಗ್ಗವನ್ನೂ, ಹಲಗೆಯ ಏಣಿಯನ್ನೂ ಕೊಂಡೆವು. ಅವು ಉಗ್ರಾಣದಲ್ಲಿಲ್ಲ, ಮಂದಿರದ ಬಾಗಿಲ ಬಳಿ ಗೂಟಕ್ಕೆ ತೂಗುತ್ತವೆ. ಯಾವ ಜಾತಿಯವನೇ ಆಗಲಿ, ಹತ್ತುವ ಕೆಲಸವಿದ್ದವನು ಬಂದು ಒಯ್ಯಬಹುದು, ಬಾಡಿಗೆಯಿಲ್ಲ. ಮಾಡು ಒದ್ದೆಯಾಗಿರುವಾಗ ಯಾರನ್ನೂ ಹತ್ತಿಸಬಾರದೆಂದು ಹಿರಿಯರ ಸಭೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಬೇರೆ ಸಭೆಗಳವರೂ ಹೀಗೆ ಮಾಡಬೇಕೆಂದು ಬೇಡಿಕೊಳ್ಳುತ್ತೇವೆ. ಪ್ರಾರ್ಥನೆಯನ್ನು ನಾವು ಬಿಟ್ಟಿಲ್ಲ. ಈಗ ಗಂಟನ್ನು ಎಳೆದು ನೋಡಿದ ಮೇಲೆ ಪ್ರಾರ್ಥಿಸುತ್ತೇವೆ.

ಪ್ರಾರ್ಥನೆ: ಪರಲೋಕದ ತಂದೆಯೇ, ಎತ್ತರದಲ್ಲಿ ದುಡಿಯುವ ನಿನ್ನ ಮಕ್ಕಳನ್ನು ನೆನಸು. ಅವರ ಕಾಲಿಗೆ ಸ್ಥಿರತೆಯನ್ನೂ ಮನಸ್ಸಿಗೆ ಎಚ್ಚರವನ್ನೂ ದಯಪಾಲಿಸು. ಅವರನ್ನು ಏರಿಸುವ ನಮಗೆ ಅವರ ತಾಯಂದಿರ ಮಾತನ್ನು ಕೇಳುವ ಕಿವಿಯನ್ನು ಕೊಡು. ನಾವು ಕಟ್ಟದೆ ಬಿಟ್ಟ ಗೋಡೆಗಳ ಅಪರಾಧವನ್ನು ಕ್ಷಮಿಸಿ, ಇನ್ನು ಮೇಲೆ ಕಟ್ಟುವವರನ್ನಾಗಿ ಮಾಡು. ಬಿದ್ದವರ ಬಳಿಗೆ ಇಳಿದು ಬಂದ ನಿನ್ನ ಮಗನಾದ ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.